ಘಾಟಿಗೆ ಪ್ಲಾನ್ ಇದೆ, ಕೇರಿಯ ದಾರಿಗೆ?

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಅರ್ಧ ಓದಿ ಜಗಳಕ್ಕೆ ಬರಬೇಡಿ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಸುಮಾರು 2.4 ಕಿಲೋಮೀಟರ್ ಉದ್ದ, 470 ಕೋಟಿಗೂ ಹೆಚ್ಚು ಖರ್ಚು. ಯಾರನ್ನ ಕರೆದ್ರು, ಯಾರನ್ನ ಕರೀಲಿಲ್ಲ, ಯಾರ ಹೆಸರಿಡಬೇಕು ಅಂತ ವಾರಗಟ್ಟಲೆ ಜಗಳ ನಡೀತು. ಅದರೊಳಗೆ ನಾನು ಹೋಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ ಕಡೆಯ ಜನ ಸಾಗರದ ಆಸ್ಪತ್ರೆಗೆ ಬರಬೇಕಾದ್ರೆ ಲಾಂಚ್ ಕಾಯಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ, ಲಾಂಚ್ ನಿಂತಿರ್ತಿತ್ತು. ನಾಡಿಗೆ ಕರೆಂಟ್ ಕೊಟ್ಟವರು ಅರವತ್ತು ವರ್ಷ ಕತ್ತಲಲ್ಲಿ ದಡದ ಮೇಲೆ ನಿಂತ್ರು. ಸೇತುವೆ ಬಂದಿದ್ದು ಒಳ್ಳೇದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ.

ನನ್ನ ಪ್ರಶ್ನೆ ಸೇತುವೆ ಇಳಿದ ಮೇಲಿನದು. ಡಾಂಬರು ರಸ್ತೆಯಿಂದ ನಮ್ಮ ಕೇರಿಗೆ ಇರೋ ಆ ಅರ್ಧ ಕಿಲೋಮೀಟರ್ ಯಾವ ಪ್ಲಾನ್‌ನಲ್ಲಿದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ತಿರುಗಿದವರಿಗೆ ಇದು ಗೊತ್ತಿರೋದೇ. ಮೇನ್ ರೋಡಿಂದ ಒಡೆಯರ ಮನೆಯ ಅಂಗಳದ ತನಕ ಕಾಂಕ್ರೀಟು. ಅಲ್ಲಿಂದ ಮುಂದೆ ತೋಟದ ಅಂಚು, ಗದ್ದೆ ಬದು, ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಎರಡು ತುಂಡು ಅಡ್ಡ ಹಾಕಿದ ಸಂಕ. ಆಮೇಲೆ ಧರೆಯ ಕೆಳಗೆ ಐದಾರು ಮನೆ. ಅದು ನಮ್ಮ ಕೇರಿ. ಧರೆ ಜರಿದ್ರೆ ಮೊದಲು ಬೀಳೋದು ಆ ಗೋಡೆ, ಹಳ್ಳ ಉಕ್ಕಿದ್ರೆ ಮೊದಲು ಕಡಿಯೋದು ಆ ದಾರಿ. ಮನೆ ಅಲ್ಲೇ ಯಾಕೆ ಕಟ್ಟಿದ್ರಿ ಅಂತ ಕೇಳೋರಿದ್ದಾರೆ. ಎಲ್ಲಿ ಕಟ್ಟಬೇಕು ಅಂತ ನಮ್ಮ ಅಜ್ಜಂದಿರನ್ನ ಯಾರೂ ಕೇಳಿರಲಿಲ್ಲ. ಗದ್ದೆಗೆ ಆಗದ, ತೋಟಕ್ಕೆ ಆಗದ ಜಾಗ ತೋರಿಸಿ ಅಲ್ಲಿರು ಅಂದ್ರು, ಇದ್ರು.

ಈಗ ನಮ್ಮ ಜಿಲ್ಲೆಯ ಮಳೆಗಾಲದ ಸಾರಿಗೆ ಚಿಂತೆ ಏನು ನೋಡಿ. ಮಳೆ ಜೋರಾದ ಕೂಡಲೇ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧ, ಮಾಸ್ತಿಕಟ್ಟೆ–ಸಿದ್ದಾಪುರದ ಕಡೆಯಿಂದ ಬದಲಿ ಮಾರ್ಗ, ಹುಲಿಕಲ್ ಘಾಟಿಯಲ್ಲಿ ಮಣ್ಣು ಜಾರಿದ್ರೆ ಜೆಸಿಬಿ. ಆದೇಶ ಬೇಗ ಬರ್ತದೆ. ತೀರ್ಥಹಳ್ಳಿಯಲ್ಲಿ ತುಂಗೆ ಏರಿದಳಾ ಅಂತ ತಿಳಿಯೋಕೆ ರಾಮಮಂಟಪ ಮುಳುಗಿದ ಫೋಟೋ ಬರ್ತದೆ, ನಾವೂ ಶೇರ್ ಮಾಡ್ತೇವೆ. ಘಾಟಿಗೆ ಪ್ಲಾನ್ ಬೇಡ ಅಂತಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕಡಿದು ಮಾಡಿದ ಹೆದ್ದಾರಿ ಮೇಲೆ ಗುಡ್ಡವೇ ಬಂದು ಬಿದ್ದಾಗ ರಸ್ತೆ ಬದಿಯ ಹೋಟೆಲ್ ಕುಟುಂಬವೇ ಹೋಯ್ತು, ಲಾರಿಯವರು ಹೋದ್ರು. ಆದರೆ ಲಾರಿ ಹೋಗೋ ದಾರಿ ಕಡಿದ್ರೆ ಅದು ವಿಪತ್ತು, ಕೂಲಿಯವಳು ನಡೆಯೋ ಸಂಕ ಕೊಚ್ಚಿಹೋದ್ರೆ ಅದು ಮಳೆಗಾಲ. ಇದನ್ನ ಯಾವ ಕಾಯ್ದೆಯಲ್ಲಿ ಬರೆದಿದ್ದಾರೆ?

2022ರ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಶಾಲೆಯಿಂದ ಮನೆಗೆ ಬರ್ತಿದ್ದ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಬಿದ್ದು ಹಳ್ಳದ ಪಾಲಾದಳು. ಆಮೇಲೆ ಮಂತ್ರಿಗಳ ಹೇಳಿಕೆ, ಸಂಕಗಳ ಪಟ್ಟಿ. ಲೋಕೋಪಯೋಗಿ ಇಲಾಖೆಯಲ್ಲಿ ‘ಶಾಲಾ ಸಂಪರ್ಕ ಸೇತು’ ಅಂತ ಯೋಜನೆ ಅದಕ್ಕೂ ಮೊದಲೇ ಇತ್ತು. ಯೋಜನೆಯ ಹೆಸರಿಗೆ ನಮ್ಮಲ್ಲಿ ಬರ ಇಲ್ಲ.

ಕೇರಿಗೆ ರಸ್ತೆ ಯಾಕೆ ಆಗಲ್ಲ ಅಂತ ಪಂಚಾಯ್ತಿಯಲ್ಲಿ ಕೇಳಿ. ದುಡ್ಡಿಲ್ಲ ಅನ್ನೋದಕ್ಕಿಂತ ಮೊದಲು ಬರೋ ಉತ್ತರ: “ಜಾಗದವರ ಒಪ್ಪಿಗೆ ಪತ್ರ ತನ್ನಿ.” ದಾರಿ ತೋಟದ ಅಂಚಲ್ಲಿ ಹೋಗ್ತದೆ, ತೋಟ ಪಹಣಿಯಲ್ಲಿ ಅವರ ಹೆಸರಲ್ಲಿದೆ, ಅವರು ಸಹಿ ಹಾಕಲ್ಲ. ಮುಗೀತು. ಗ್ರಾಮ ನಕಾಶೆಯಲ್ಲಿ ಕಂಡ ದಾರಿ ಆಗಿದ್ರೆ ತಹಸೀಲ್ದಾರರು ಬಿಡಿಸಿ ಕೊಡಬಹುದು. ಆದರೆ ಸರ್ವೆಯವರು ನಕಾಶೆ ಬರೆಯುವಾಗ ಗಾಡಿ ದಾರಿ ಬರೆದ್ರು, ಆಳುಗಳು ಓಡಾಡೋ ಕಾಲುದಾರಿಯನ್ನ ದಾರಿ ಅಂತ ಯಾರು ಲೆಕ್ಕಕ್ಕೆ ತಗೊಂಡ್ರು? ನೂರು ವರ್ಷ ನಡೆದ ಕಾಲು, ಕಾಗದದ ಮೇಲೆ ಒಂದು ಗೆರೆ ಇಲ್ಲ.

ದೌರ್ಜನ್ಯ ತಡೆ ಕಾಯ್ದೆ ಇದೆಯಲ್ಲ ಅಂತ ಬೆಂಗಳೂರಿನ ಗೆಳೆಯರು ಹೇಳ್ತಾರೆ. ಇದೆ. ಸಾರ್ವಜನಿಕ ಜಾಗಕ್ಕೆ ಹೋಗುವ ರೂಢಿಯ ದಾರಿಯನ್ನ ತಡೆಯೋದು ಆ ಕಾಯ್ದೆಯಲ್ಲಿ ಅಪರಾಧವೇ. ಆದರೆ ದೂರು ಕೊಡಬೇಕಾದ ನಮ್ಮಕ್ಕ ಅದೇ ತೋಟದಲ್ಲಿ ಕೂಲಿಗೆ ಹೋಗ್ತಾಳೆ. ಅವಳ ಗಂಡ ಅದೇ ತೋಟಕ್ಕೆ ಕೊಳೆ ಔಷಧಿ ಹೊಡೀತಾನೆ. ಸುಗ್ಗಿಯಲ್ಲಿ ಅದೇ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಕೂರ್ತಾರೆ. ಕೇಸ್ ಹಾಕಿ ನಾಳೆ ಬೆಳಗ್ಗೆ ಆ ದಾರಿಯಲ್ಲೇ ನಡೆದು ಯಾರ ಮನೆಗೆ ಕೆಲಸಕ್ಕೆ ಹೋಗಬೇಕು? ತೋಟದ ಅಂಚು ಖುಷಿಯಿಂದ ಬಿಟ್ಟುಕೊಟ್ಟವರೂ ನಮ್ಮಲ್ಲಿದ್ದಾರೆ, ಹೆಸರು ಹೇಳದಿದ್ರೂ ನೆನೀತೇನೆ. ಆದರೆ ಅದು ಅವರ ಉಪಕಾರ ಆಗಿರೋ ತನಕ ಮಗನ ಕಾಲಕ್ಕೆ ಬೇಲಿ ಬೀಳಬಹುದು. ನಾವು ಕೇಳ್ತಿರೋದು ಉಪಕಾರ ಅಲ್ಲ.

ನಾನು ಕೂತಿದ್ದ ಒಂದು ಸಭೆ ಹೇಳ್ತೇನೆ, ಊರು ಬೇಡ. ಮುಂಗಾರು ಮುಂಜಾಗ್ರತೆ ಸಭೆ ಅಂತ ಕರೆದಿದ್ರು. ಅಪಾಯದ ಜಾಗಗಳ ಪಟ್ಟಿ ಓದಿದ್ರು. ಒಂದು ಸೇತುವೆ, ಎರಡು ರಸ್ತೆ ತಿರುವು, ಒಂದು ಶಾಲೆ ಕಟ್ಟಡ. ಕೇರಿಗಳು ಎಲ್ಲಿ ಅಂದೆ. “ಅದು ಎಸ್‌ಸಿ ಕಾಲೊನಿ ವಿಷಯ, ಸಮಾಜ ಕಲ್ಯಾಣದ ಸಭೆಯಲ್ಲಿ ತನ್ನಿ” ಅಂದ್ರು. ಸಮಾಜ ಕಲ್ಯಾಣದ ಸಭೆಯಲ್ಲಿ ಕೇಳಿದ್ರೆ ಹಳ್ಳ ಉಕ್ಕೋದು ವಿಪತ್ತಿನ ವಿಷಯ. ನಗು ಬಂತು, ಸಿಟ್ಟೂ ಬಂತು. ಆ ಮಳೆಗಾಲದಲ್ಲೇ ಆ ಪಟ್ಟಿಯಲ್ಲಿಲ್ಲದ ಒಂದು ಕೇರಿಯಿಂದ ವಯಸ್ಸಾದ ಅಜ್ಜಿಯನ್ನ ಕಂಬಳಿ ಜೋಲಿಯಲ್ಲಿ ಹಾಕ್ಕೊಂಡು ಎದೆಮಟ್ಟ ನೀರಲ್ಲಿ ನಾಲ್ಕು ಹುಡುಗರು ದಾಟಿಸಿದ್ರು. ಆಂಬ್ಯುಲೆನ್ಸ್ ಡಾಂಬರಿನ ಮೇಲೆ ನಿಂತು ದೀಪ ತಿರುಗಿಸ್ತಿತ್ತು. ಅಜ್ಜಿ ಉಳೀತು. ಉಳಿದಿದ್ದು ಯಾರ ಪ್ಲಾನಿನಿಂದಲೂ ಅಲ್ಲ.

ಕೆಳದಿ ಅರಸರ ಬಿರುದುಗಳಲ್ಲಿ ‘ಎಡವ ಮುರಾರಿ’ ಅಂತ ಒಂದಿದೆ. ನಿಧಿಗಾಗಿ ಬಲಿಯಾದ ಎಡವ, ಮುರಾರಿ ಅನ್ನೋ ಇಬ್ಬರು ಆಳುಗಳ ಹೆಸರು ಅದು ಅಂತ ಐತಿಹ್ಯ. ಆಳು ಸತ್ತ, ಅರಸನಿಗೆ ಬಿರುದು ಬಂತು. ಕೆಳದಿ ಉತ್ಸವದಲ್ಲಿ ಶಿವಪ್ಪ ನಾಯಕನ ಶಿಸ್ತಿನ ಬಗ್ಗೆ ಭಾಷಣ ಮಾಡೋರು ಇದನ್ನೂ ಒಂದು ಸಲ ಹೇಳಲಿ. ಇರಲಿ, ವಿಷಯಕ್ಕೆ ಬರ್ತೇನೆ.

ಕಾನೂನು ಏನು ಹೇಳ್ತದೆ? ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆ ಕೊಡಬಹುದಾದ 29 ವಿಷಯ ಇವೆ. 13ನೆಯದು ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗ. ಅಂದ್ರೆ ಸಂಕವೂ ಲಾಂಚೂ ಪಂಚಾಯ್ತಿಯ ವಿಷಯವೇ. ವಿಪತ್ತು ನಿರ್ವಹಣೆ ಆ 29ರಲ್ಲಿ ಇಲ್ಲ. ಅದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದ ಕೆಲಸ. ಅದೇ ಕಾಯ್ದೆ, ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು ಆ ಪ್ರಾಧಿಕಾರದ ಸಹ ಅಧ್ಯಕ್ಷರು ಅನ್ನುತ್ತೆ. ಎಲ್ಲಿದ್ದಾರೆ ಆ ಅಧ್ಯಕ್ಷರು? ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಇದನ್ನ ಬರೀತಿರೋ ಈ ಮಳೆಗಾಲದಲ್ಲೂ ಆ ಕುರ್ಚಿಗಳು ಖಾಲಿ. ಮೀಸಲು ಕ್ಷೇತ್ರದಿಂದ ಗೆದ್ದು ಬರಬೇಕಿದ್ದ ನಮ್ಮ ಹೆಣ್ಣುಮಗಳೊಬ್ಬಳು ಆ ಮೇಜಿನ ಮುಂದೆ ಕೂತು ‘ನಮ್ಮ ಸಂಕ’ ಅನ್ನಬಹುದಿತ್ತು. ಆ ಬಾಯಿಯನ್ನೇ ಮುಚ್ಚಿಬಿಟ್ರು, ಈ ಪಕ್ಷ ಆ ಪಕ್ಷ ಅಂತ ಭೇದ ಇಲ್ಲದೆ.

ಕಾಯ್ದೆಯ 61ನೇ ಸೆಕ್ಷನ್ನೂ ಓದ್ಕೊಳ್ಳಿ. ಪರಿಹಾರ, ನೆರವು ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಭೇದ ಮಾಡಬಾರದು ಅಂತಿದೆ. ಯಾಕೆ ಬರೆದ್ರು? 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಲಿತರನ್ನ ಪರಿಹಾರ ಶಿಬಿರಗಳಿಂದ ದೂರ ಇಟ್ಟದ್ದು ವರದಿಯಾಗಿತ್ತು. ನಮ್ಮಲ್ಲಿ ಅಷ್ಟು ಬಹಿರಂಗವಾಗಿ ಆಗಲ್ಲ. ಇಲ್ಲಿ ಹಕ್ಕುಪತ್ರ ಕೇಳ್ತಾರೆ. 2019ರ ಮಳೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸ್ತು. ಆದರೆ ಮೂರು ತಲೆಮಾರಿನಿಂದ ಇದ್ದ ಜಾಗಕ್ಕೆ 94ಸಿ ಅರ್ಜಿ ಹಾಕಿ ಕಾಯ್ತಾ ಇರೋನು ಯಾವ ಕಾಗದ ತೋರಿಸಬೇಕು? ಲಿಂಗನಮಕ್ಕಿ ಮುಳುಗಡೆಯಲ್ಲೂ ಇದೇ ಲೆಕ್ಕ. ಜಮೀನಿದ್ದವನು ಸಂತ್ರಸ್ತ, ಆ ಜಮೀನಲ್ಲಿ ದುಡಿದವನು ಯಾರೂ ಅಲ್ಲ. ಭೂಮಿ ಕಳಕೊಂಡವರಿಗೇ ಹಕ್ಕುಪತ್ರ ಸಿಗದೆ ಅಲೀತಿದ್ದಾರೆ, ಇನ್ನು ನಮ್ಮ ಪಾಡು ಕೇಳ್ತೀರಾ.

ಬಸ್ಸಿನ ಮಾತು. ನಮ್ಮ ಮಲೆನಾಡಲ್ಲಿ ಕೆಎಸ್‌ಆರ್‌ಟಿಸಿಗಿಂತ ಖಾಸಗಿ ಬಸ್ಸು ಜಾಸ್ತಿ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಬೆಂಗಳೂರಿನ ಹೆಂಗಸರು ಪುಕ್ಕಟೆ ಹೋಗ್ತಾರೆ, ನಿಟ್ಟೂರು, ಸಂಪೆಕಟ್ಟೆ ಕಡೆಯ ಕೂಲಿ ಹೆಂಗಸು ಆಸ್ಪತ್ರೆಗೆ ಹೋಗೋಕೆ ಟಿಕೆಟ್ ತಗೋತಾಳೆ. ಕೊಪ್ಪದ ಸಹಕಾರ ಸಾರಿಗೆ, ಕಾರ್ಮಿಕರೇ 1991ರಲ್ಲಿ ಕಟ್ಟಿದ ಬಸ್ಸು, ಹಳ್ಳಿ ಮೂಲೆಗಳಿಗೂ ಬರ್ತಿತ್ತು. 2020ರಲ್ಲಿ ನಿಂತುಹೋಯ್ತು. ಅದನ್ನ ಉಳಿಸೋದೂ ಒಂದು ವಿಪತ್ತು ನಿರ್ವಹಣೆಯೇ ಆಗಿತ್ತು ಅಂತ ನನ್ನ ಅಭಿಪ್ರಾಯ. ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಸಾಲು ಸಾವು. ದರಗು, ಸೌದೆಗೆ ಕಾಡಿಗೆ ಹೋಗೋರಿಗೇ ಅದು ಜಾಸ್ತಿ ಅಂಟೋದು. ಜ್ವರ ಏರಿದ ಮೇಲೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕಿತ್ತು. ಅಲ್ಲಿಗೆ ರೋಗಿಯನ್ನ ಮುಟ್ಟಿಸೋದು ಆರೋಗ್ಯವೋ, ಸಾರಿಗೆಯೋ, ವಿಪತ್ತೋ? ಕಡತಕ್ಕೆ ಮೂರು ಇಲಾಖೆ, ರೋಗಿಗೆ ಒಂದೇ ದೇಹ.

“ರಸ್ತೆ ಎಲ್ಲರಿಗೂ ಬೇಕು, ಅದರಲ್ಲೂ ಜಾತಿ ತರ್ತೀರಲ್ಲ” ಅಂತ ಕಾಮೆಂಟ್ ಬರ್ತದೆ, ಗೊತ್ತು. 1924ರಲ್ಲಿ ವೈಕಂ ಸತ್ಯಾಗ್ರಹ ಶುರುವಾಗಿದ್ದು ದೇವಸ್ಥಾನದೊಳಗೆ ಹೋಗೋಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ. ರಸ್ತೆಗೆ ಜಾತಿ ತಂದವರು ನಾವಲ್ಲ. ಹಸಲರ ಹಾಡಿಗೂ, ಬಡ ದೀವರ ಮನೆಗೂ ಇದೇ ಕಥೆ ಇದೆ, ಅವರೂ ಜೊತೆಗೆ ಬರಬೇಕು, ಬರ್ತಾರೆ.

ದುಡ್ಡಿಲ್ಲ ಅನ್ನೋ ಮಾತಿಗೆ ಉತ್ತರ ಇಟ್ಕೊಳ್ಳಿ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪ್ರಕಾರ 24.1 ಶೇಕಡಾ ಹಣ ನಮ್ಮದು. ಮೊದಲು 7ಡಿ ಅನ್ನೋ ಕಂಡಿಯಲ್ಲಿ ಊರಿಗೆಲ್ಲ ಮಾಡಿದ ದೊಡ್ಡ ರಸ್ತೆಯ ಖರ್ಚಲ್ಲೂ ಒಂದು ಪಾಲನ್ನ ದಲಿತರಿಗೆ ಮಾಡಿದ್ದು ಅಂತ ತೋರಿಸಬಹುದಿತ್ತು. ಹೋರಾಟ ಮಾಡಿ 2023ರಲ್ಲಿ ಅದನ್ನ ತೆಗೆಸಿದ್ದೇವೆ. ಈಗ ಆ ನೆಪ ಇಲ್ಲ. ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯ್ತಿ ತನ್ನ ಅಗತ್ಯಕ್ಕೆ ಬಳಸಬಹುದಾದ ಪಾಲೂ ಇದೆ. ಒಂದು ಕಾಲುಸಂಕಕ್ಕೆ 470 ಕೋಟಿ ಬೇಕಿಲ್ಲ.

ಬೇಕಿರೋದು ಒಂದೇ ಪುಸ್ತಕ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತ ಪ್ರತಿ ಪಂಚಾಯ್ತಿ ವರ್ಷಾ ವರ್ಷ ಬರೀತದಲ್ಲ, ಅದರಲ್ಲೇ ದಾರಿ ಮತ್ತು ಅಪಾಯ ಎರಡನ್ನೂ ಕೇರಿವಾರು ಬರೀಲಿ. ಪಂಚಾಯ್ತಿ ಹಾಲ್‌ನಲ್ಲಿ ಕೂತಲ್ಲ, ಕೇರಿಗೇ ಬಂದು, ಮೇ ತಿಂಗಳೊಳಗೆ. ಈ ಕೇರಿ ಯಾವ ಹಳ್ಳ ಉಕ್ಕಿದ್ರೆ ಕಡಿತದೆ, ನಡೆಯೋಕಾಗದೋರು ಯಾರ ಮನೆಯಲ್ಲಿದ್ದಾರೆ, ಬಸುರಿಯರು ಯಾರು, ಆಂಬ್ಯುಲೆನ್ಸ್ ಎಲ್ಲಿ ತನಕ ಬರ್ತದೆ, ಧರೆ ಎಲ್ಲಿ ಬಿರುಕು ಬಿಟ್ಟಿದೆ, ಕಾಳಜಿ ಕೇಂದ್ರ ಯಾವ ಕಟ್ಟಡ, ಅದರ ಬೀಗ ಯಾರ ಕೈಲಿ. ಮುಖ್ಯವಾಗಿ, ದಾರಿ ಯಾವ ಯಾವ ಸರ್ವೆ ನಂಬರಿನಲ್ಲಿ ಹಾದು ಹೋಗ್ತದೆ. ಒಪ್ಪಿಗೆ ಪತ್ರ ತರೋ ಕೆಲಸ ಕೂಲಿಯವನದ್ದಲ್ಲ, ತಹಸೀಲ್ದಾರರದ್ದು. ಜಾಗಕ್ಕೆ ಬೆಲೆ ಕೊಡಬೇಕಾದ್ರೆ ಕೊಟ್ಟು ತಗೊಳ್ಳಲಿ, ಹೆದ್ದಾರಿಗೆ ತಗೊಳ್ಳಲ್ವಾ?

ನವೆಂಬರ್ ಹೊತ್ತಿಗೆ ಮಳೆ ಬಿಟ್ಟಿರ್ತದೆ, ಹಳ್ಳ ಇಳಿದಿರ್ತದೆ. ಆಗ ಯಾರಿಗೂ ಸಂಕ ನೆನಪಿರಲ್ಲ. ಅದಕ್ಕೇ ಈಗಲೇ, ನೀರಿರುವಾಗಲೇ ಮೊಬೈಲಲ್ಲಿ ಫೋಟೋ ತೆಗೆದಿಡಿ, ದಿನಾಂಕ ಸಮೇತ. ಮುಂದಿನ ಗ್ರಾಮಸಭೆಯಲ್ಲಿ ಬಾಯಿ ಮಾತು ಬೇಡ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಪ್ರತಿ ಕೇಳಿ. ನಿಮ್ಮ ಕೇರಿಯ ದಾರಿಯ ಸರ್ವೆ ನಂಬರ್ ಗೊತ್ತಿದ್ರೆ ನನಗೆ ಮೆಸೇಜ್ ಮಾಡಿ, ಊರಿನ ಹೆಸರು ಸಮೇತ. ಮೂರೂ ತಾಲ್ಲೂಕಿನದ್ದು ಒಟ್ಟು ಮಾಡ್ತಿದ್ದೇವೆ. ಗೊತ್ತಿಲ್ಲದಿದ್ರೆ ಗ್ರಾಮ ಲೆಕ್ಕಿಗರ ಹತ್ರ ನಕಾಶೆ ಕೇಳಿ, ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಹಾಕೋಣ, ಅರ್ಜಿ ನಾನು ಬರೆದು ಕೊಡ್ತೇನೆ.