ಸಾಲಿಗೇ ಸೇರದವರ ಲೆಕ್ಕವೆಲ್ಲಿ?



ಆಸ್ಪತ್ರೆಯ ಮಾತು ಬಂದಾಗಲೆಲ್ಲ ಗಲ್ಲಾದ ಹಿಂದೆ ಕುಳಿತವರು ಒಂದು ವಾದ ಹೂಡುತ್ತಾರೆ: "ಇಂಗ್ಲೆಂಡಿನಲ್ಲಿ ಔಷಧೋಪಚಾರ ಪುಕ್ಕಟೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಅಮೆರಿಕದಲ್ಲಿ ದುಡ್ಡು ಕೊಟ್ಟರಾಯಿತು, ಡಾಕ್ಟರು ಎದುರಿಗೆ!" ಕೇಳುವುದಕ್ಕೆ ಸರಿಯೆನಿಸುತ್ತದೆ. ಲೆಕ್ಕ ತೆಗೆದು ನೋಡೋಣ.

ಕಾಯುವುದು ಸುಳ್ಳಲ್ಲ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯ ಪಟ್ಟಿಯಲ್ಲಿ ಸುಮಾರು 77 ಲಕ್ಷ ಚಿಕಿತ್ಸೆಗಳು ಬಾಕಿ ಇದ್ದವು. 18 ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ ವರ್ಷಗಳಿಂದ ತಪ್ಪಿದೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ 77 ಲಕ್ಷವೆಂದು ಜಗತ್ತಿಗೆ ಗೊತ್ತಾದದ್ದು ಹೇಗೆ? ಆ ಸೇವೆಯವರೇ ತಿಂಗಳು ತಿಂಗಳೂ ಎಣಿಸಿ ಪ್ರಕಟಿಸುತ್ತಾರೆ. ಬಡವನ ಸರದಿಯೂ ಆ ಎಣಿಕೆಯಲ್ಲಿದೆ.

ಅಮೆರಿಕದಲ್ಲೇನು? ದೇಶದ ವರ್ಷದ ಉತ್ಪನ್ನದಲ್ಲಿ ನೂರಕ್ಕೆ 17ಕ್ಕೂ ಹೆಚ್ಚು ಪಾಲು ಆರೋಗ್ಯಕ್ಕೇ ಖರ್ಚು. ಬ್ರಿಟನ್ನಿನಲ್ಲಿ ಸುಮಾರು 11. ಇಷ್ಟು ಸುರಿದೂ 2023ರಲ್ಲಿ ಅಲ್ಲಿ ಸುಮಾರು 2 ಕೋಟಿ 60 ಲಕ್ಷ ಜನಕ್ಕೆ ವಿಮೆಯೇ ಇರಲಿಲ್ಲ. ಬಿಲ್ಲಿಗೆ ಹೆದರಿ ಮನೆಯಲ್ಲೇ ನೋವು ನುಂಗುವವನು ಯಾವ ಸಾಲಿನಲ್ಲೂ ನಿಂತಿಲ್ಲ. ಅವನನ್ನು ಬಿಟ್ಟು ಎಣಿಸಿದರೆ ಸಾಲು ಗಿಡ್ಡವಾಗಿ ಕಾಣದೆ ಇನ್ನೇನು? ಹಸಿದವನನ್ನು ಹೋಟೆಲಿನ ಬಾಗಿಲಲ್ಲೇ ತಡೆದು, "ನಮ್ಮಲ್ಲಿ ಟೇಬಲ್ಲಿಗೆ ಕಾಯುವವರೇ ಇಲ್ಲ" ಎಂದು ಬೀಗಿದಂತೆ!

ಇಂಗ್ಲೆಂಡಿನ ಸೇವೆಯೂ ಧರ್ಮಕ್ಕೆ ಬಂದದ್ದಲ್ಲ. ವೇಲ್ಸಿನ ಟ್ರೆಡೀಗರ್ ಎಂಬ ಗಣಿಯೂರಿನ ಕಾರ್ಮಿಕರು ಕೂಲಿಯಲ್ಲಿ ಕಾಸು ಕೂಡಿಸಿ ತಮ್ಮದೇ ವೈದ್ಯಸಹಾಯ ಸಂಘ ನಡೆಸಿದ್ದರು. ಹುಡುಗನಾಗಿದ್ದಾಗಲೇ ಗಣಿಗಿಳಿದ ಆ ಊರಿನ ಅನೈರಿನ್ ಬೆವನ್ ಮುಂದೆ ಆರೋಗ್ಯ ಮಂತ್ರಿಯಾಗಿ, 1948ರ ಜುಲೈ 5ರಂದು ಅಂಥ ಸೌಲಭ್ಯವನ್ನು ದೇಶಕ್ಕೆಲ್ಲ ದೊರಕಿಸಿದರು.

ಅದೇ 1948ರಲ್ಲಿ ನಮ್ಮಲ್ಲೂ ಇ.ಎಸ್.ಐ. ಕಾನೂನು ಬಂತು. 2019ರ ಜುಲೈಯಿಂದ ಕಾರ್ಮಿಕನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು. 15,000 ರೂಪಾಯಿ ಸಂಬಳಕ್ಕೆ ನಮ್ಮದು 112 ರೂಪಾಯಿ 50 ಪೈಸೆ, ಅವರದು 487 ರೂಪಾಯಿ 50 ಪೈಸೆ. ಇಷ್ಟನ್ನು ಉಳಿಸಲೆಂದು, ದುಡಿಯುವವರಲ್ಲಿ ಕೆಲವರ ಹೆಸರನ್ನು ಮಾತ್ರ ರಿಜಿಸ್ಟರಿಗೆ ಏರಿಸುವ ಮಾಲೀಕರುಂಟು. ಉಳಿದ ತಟ್ಟೆ ತೊಳೆಯುವ ಹುಡುಗರು, ಭಟ್ಟಿಯ ಮುಂದೆ ಬೇಯುವವರು—ಇವರೇ ನಮ್ಮ ನಡುವಿನ ಸಾಲಿಗೇ ಸೇರದವರು.

ಇ.ಎಸ್.ಐ. ದವಾಖಾನೆಯಲ್ಲೂ ಕಾಯಬೇಕು, ಹೌದು. ಸಾಲು ಉದ್ದವಾದರೆ ಇನ್ನಷ್ಟು ಡಾಕ್ಟರರನ್ನು ಕೊಡಿರೆಂದು ಕೂಡಿ ಕೂಗಬಹುದು. ಪಟ್ಟಿಯಲ್ಲೇ ಇಲ್ಲದವನ ಕೂಗು ಯಾರಿಗೆ ಕೇಳೀತು?

ಆದ್ದರಿಂದ ಗೆಳೆಯರೇ, ಈ ಸಂಬಳದ ದಿನ ಗಲ್ಲಾದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿರಿ: "ನನ್ನ ಇ.ಎಸ್.ಐ. ನಂಬರು ಯಾವುದು?" ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಕೂಡಿ ಕೇಳಿರಿ.