ಬ್ಯಾಂಕಿನ ಅನ್ಯಾಯದ ಶುಲ್ಕವೂ ಶ್ರಾವಕರ ಮೌನವೂ

ವ್ಯಾಪಾರವೃತ್ತಿಯನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಸಮಾಜ ನಮ್ಮದು. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಅಂಗಡಿಯ ಬಾಗಿಲು ಹಾಕದೆ ಹುಡುಕುತ್ತಿದ್ದವರು ನಮ್ಮ ಹಿರಿಯರು. ಅದೇ ಸಮಾಜದವರು ಇಂದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾರಣ ತಿಳಿಯದ ಕಡಿತಗಳನ್ನು ಕಂಡೂ ಕಾಣದವರಂತೆ ಪುಟ ಮಗುಚುತ್ತಾರೆ. ಬಸದಿಗಳ ವಾರ್ಷಿಕ ಲೆಕ್ಕಪತ್ರದಲ್ಲಿ ‘ಬ್ಯಾಂಕ್ ಶುಲ್ಕ’ ಎಂಬ ಒಂದೇ ಸಾಲಿನೊಳಗೆ ಅವೆಲ್ಲವೂ ಅಡಗಿಹೋಗುತ್ತವೆ. ಪ್ರಶ್ನಿಸಿದವರಿಗೆ ದೊರೆಯುವ ಉತ್ತರಗಳು ಎರಡು. ‘ಇಷ್ಟು ಅಲ್ಪ ಮೊತ್ತಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತುವುದೇ?’ ಎಂಬುದು ಒಂದು. ‘ನಾವು ಕ್ಷಮಾಧರ್ಮದವರು, ಹೋದದ್ದು ಹೋಗಲಿ’ ಎಂಬುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಧರ್ಮದ ಅಪವ್ಯಾಖ್ಯಾನ. ಎರಡನ್ನೂ ಖಂಡಿಸದೆ ವಿಧಿಯಿಲ್ಲ.

ಪಂಚಾಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕಳವಿನ ಲಕ್ಷಣವನ್ನು ಹೇಳುವಾಗ ಕನ್ನ ಕೊರೆಯುವುದನ್ನಾಗಲಿ ಬೀಗ ಮುರಿಯುವುದನ್ನಾಗಲಿ ಹೇಳುವುದಿಲ್ಲ. ಅದತ್ತಾದಾನ, ಎಂದರೆ ಒಡೆಯನು ಕೊಡದುದನ್ನು ತೆಗೆದುಕೊಳ್ಳುವುದು, ಅಷ್ಟೇ ಲಕ್ಷಣ. ‘ಖಾತೆ ತೆರೆಯುವಾಗ ಸಹಿ ಹಾಕಿದ್ದೀರಿ, ಆದ್ದರಿಂದ ಇದು ದತ್ತವೇ’ ಎಂದು ಬ್ಯಾಂಕು ವಾದಿಸಬಹುದು. ನಾವು ಸಹಿ ಹಾಕಿದ್ದು ನ್ಯಾಯವಾದ ಶುಲ್ಕಕ್ಕೆ. ನಿಯಮ ಮೀರಿದ ಕಡಿತಕ್ಕಲ್ಲ. ‘ಗಣಕಯಂತ್ರವೇ ಕಡಿತ ಮಾಡಿತು’ ಎಂಬ ಸಮಾಧಾನವೂ ಸಲ್ಲದು. ಯಂತ್ರಕ್ಕೆ ಕಷಾಯಗಳಿಲ್ಲ, ಆದರೆ ಯಂತ್ರಕ್ಕೆ ಆಜ್ಞೆ ಕೊಟ್ಟ ಮನಸ್ಸಿಗೆ ಲೋಭವಿರಬಹುದು. ಪಾಪವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಿಂದ ಅಂಟುತ್ತದೆಂಬುದನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಲ್ಲರು. ತಪ್ಪೆಂದು ತಿಳಿದೂ ವರ್ಷಗಟ್ಟಲೆ ಬಾಯಿಮುಚ್ಚಿಕೊಂಡಿರುವುದು ಅನುಮೋದನೆಗೆ ತೀರ ಸಮೀಪದ ಸ್ಥಿತಿ.

ಇನ್ನು ಕ್ಷಮೆಯ ಮಾತು. ಕ್ಷಮೆ ಉತ್ತಮವಾದ ಧರ್ಮ, ಸಂದೇಹವಿಲ್ಲ. ಆದರೆ ಕ್ಷಮಿಸುವ ಅಧಿಕಾರ ನಷ್ಟ ಅನುಭವಿಸಿದವನದು. ತನ್ನ ಸ್ವಂತ ಖಾತೆಯಿಂದ ಹೋದ ಹಣವನ್ನು ಶ್ರಾವಕನೊಬ್ಬನು ಸಮಭಾವದಿಂದ ಬಿಟ್ಟುಕೊಟ್ಟರೆ ಅದು ಅವನ ಆತ್ಮಕ್ಕೆ ಸಂಬಂಧಿಸಿದ ವಿಷಯ. ಬಸದಿಯ ಖಾತೆಯಲ್ಲಿರುವುದು ದೇವದ್ರವ್ಯ. ನಿತ್ಯಪೂಜೆಗೆಂದು ವಿಧವೆಯೊಬ್ಬಳು ಕೊಟ್ಟ ನೂರು ರೂಪಾಯಿ, ಅಭಿಷೇಕಕ್ಕೆಂದು ಕುಟುಂಬವೊಂದು ಇಟ್ಟ ದತ್ತಿನಿಧಿ ಅದರಲ್ಲಿ ಸೇರಿದೆ. ಅದನ್ನು ಕ್ಷಮಿಸಿಬಿಡಲು ವಿಶ್ವಸ್ತರಿಗೆ ಅಧಿಕಾರವನ್ನು ಕೊಟ್ಟವರಾರು? ಪರರ ಹಣದಲ್ಲಿ ತೋರಿದ ಔದಾರ್ಯ ಅಪರಿಗ್ರಹವಲ್ಲ, ಕರ್ತವ್ಯಲೋಪ.

ವ್ಯಾಜ್ಯವು ಕಷಾಯಗಳನ್ನು ಕೆರಳಿಸುತ್ತದೆ, ಆದುದರಿಂದ ಹಿಂಸೆಗೆ ದಾರಿ ಎನ್ನುವವರೂ ಉಂಟು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಿಯನ್ನು ಪೂರ್ಣವಾಗಿ ತ್ಯಜಿಸಬೇಕೆಂದು ಹೇಳಿದ ಪರಂಪರೆ, ಅನ್ಯಾಯವನ್ನು ಎದುರಿಸುವ ಭಾರವನ್ನು ಗೃಹಸ್ಥನ ಹೆಗಲಿನಿಂದ ಇಳಿಸಿಲ್ಲ. ಆಯುಧ ಹಿಡಿದ ವಿರೋಧವನ್ನೂ ಪರಿಸ್ಥಿತಿಯನ್ನು ನೋಡಿ ಒಪ್ಪಿದ ಧರ್ಮವು, ವಿನಯದ ಭಾಷೆಯಲ್ಲಿ ಬರೆದ ಒಂದು ದೂರು ಅರ್ಜಿಯನ್ನು ಹಿಂಸೆಯೆಂದು ತಳ್ಳೀತೇ?

ಅನೇಕಾಂತವಾದಿಗಳಾದ ನಾವು ಬ್ಯಾಂಕಿನ ಪಕ್ಷವನ್ನೂ ಕೇಳಬೇಕು. ಶಾಖೆಗೆ, ಸಿಬ್ಬಂದಿಗೆ, ಯಂತ್ರಗಳಿಗೆ ವೆಚ್ಚವುಂಟು. ಸೇವೆಗೆ ಶುಲ್ಕ ಕೇಳುವುದು ತಪ್ಪಲ್ಲ. ಶುಲ್ಕ ನಿಗದಿಯನ್ನು ರಿಜರ್ವ್ ಬ್ಯಾಂಕು 1999ರಲ್ಲಿ ಆಯಾ ಬ್ಯಾಂಕಿನ ನಿರ್ದೇಶಕ ಮಂಡಳಿಗೇ ಬಿಟ್ಟಿತು. ಆದರೆ ಶುಲ್ಕವು ಯುಕ್ತವಾಗಿರಬೇಕು, ಸೇವೆಗೆ ತಗಲುವ ಸರಾಸರಿ ವೆಚ್ಚಕ್ಕೆ ಹೊಂದಿಕೆಯಾಗಿರಬೇಕು ಎಂಬ ಕಟ್ಟಳೆಯನ್ನೂ ಜೊತೆಗಿಟ್ಟಿತು. ಉಳಿತಾಯ ಖಾತೆಯ ಕನಿಷ್ಠ ಶಿಲ್ಕಿನ ದಂಡದ ಬಗ್ಗೆ 2014ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ, 2015ರ ಏಪ್ರಿಲ್ 1ರಿಂದ ಅದನ್ನು ಜಾರಿಗೆ ತಂದಿತು. ಅದರ ಪ್ರಕಾರ ಶಿಲ್ಕು ಕಡಿಮೆಯಾದಾಗ ಗ್ರಾಹಕನಿಗೆ ಮೊದಲು ತಿಳಿಸಬೇಕು. ಸರಿಪಡಿಸಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ಅನುಗುಣವಾಗಿರಬೇಕು. ದಂಡದ ಕಾರಣದಿಂದಲೇ ಖಾತೆಯ ಶಿಲ್ಕು ಶೂನ್ಯಕ್ಕಿಂತ ಕೆಳಗೆ ಇಳಿಯಬಾರದು. ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡವನ್ನು ಹಾಕುವಂತೆಯೇ ಇಲ್ಲ. ಪಂಚಕಲ್ಯಾಣಕ್ಕೆಂದು ತೆರೆದು ಮರೆತುಬಿಟ್ಟ ಎಷ್ಟು ಉಳಿತಾಯ ಖಾತೆಗಳು ನಮ್ಮ ಬಸದಿಗಳ ಹೆಸರಿನಲ್ಲಿ ಹೀಗೆ ಸವೆಯುತ್ತಿವೆಯೋ, ಯಾರು ನೋಡಿದ್ದಾರೆ?

ಮೊತ್ತ ಅಲ್ಪವೆನ್ನುವವರು ಒಂದು ಅಂಕಿಯನ್ನು ಗಮನಿಸಲಿ. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಲೋಕಸಭೆಗೆ ಕೊಟ್ಟ ಉತ್ತರದಂತೆ, ಸಾರ್ವಜನಿಕ ರಂಗದ ಬ್ಯಾಂಕುಗಳು ಐದು ಆರ್ಥಿಕ ವರ್ಷಗಳಲ್ಲಿ ಕನಿಷ್ಠ ಶಿಲ್ಕಿನ ದಂಡವಾಗಿ ಸಂಗ್ರಹಿಸಿದ್ದು ಸುಮಾರು 8,500 ಕೋಟಿ ರೂಪಾಯಿ. ಇದೆಲ್ಲವೂ ಅಕ್ರಮವೆಂದು ನಾನು ಹೇಳುವುದಿಲ್ಲ. ಆದರೆ ದಂಡ ತೆತ್ತವರು ಯಾರೆಂದು ಯೋಚಿಸಬೇಕು. ಖಾತೆಯಲ್ಲಿ ಲಕ್ಷವಿದ್ದವನಿಗೆ ಈ ದಂಡ ಬೀಳುವುದಿಲ್ಲ, ಇಲ್ಲದವನಿಗೇ ಬೀಳುತ್ತದೆ. ಇದರ ವಿರುದ್ಧ ಜನಾಭಿಪ್ರಾಯ ಬೆಳೆದುದರಿಂದಲೇ ಸ್ಟೇಟ್ ಬ್ಯಾಂಕು 2020ರಲ್ಲಿಯೂ ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿಯೂ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನು ಕೈಬಿಟ್ಟವೆಂದು ನನ್ನ ನಂಬಿಕೆ. ಕೇಳಿದವರಿಂದ ಕೇಳದವರಿಗೂ ಉಪಕಾರವಾಯಿತು.

ಕೇಳುವ ಕ್ರಮ ಕಠಿಣವೇನಲ್ಲ. ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಸೇವಾನ್ಯೂನತೆಯ ದೂರನ್ನು ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ಹೂಡಬಹುದು. ಸಣ್ಣ ಮೊತ್ತದ ದೂರಿಗೆ ಅಲ್ಲಿಯೂ ಶುಲ್ಕವಿಲ್ಲ. ಟ್ರಸ್ಟುಗಳಿಗೆ ಮಾತ್ರ ಒಂದು ಎಚ್ಚರಿಕೆ. ಟ್ರಸ್ಟೊಂದು ಬ್ಯಾಂಕಿನ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ, 1986ರ ಹಳೆಯ ಕಾನೂನಿನಡಿ ಟ್ರಸ್ಟು ಗ್ರಾಹಕನಾಗಿ ದೂರು ಕೊಡಲಾಗದೆಂದು ತೀರ್ಪಿತ್ತಿದೆ. ವ್ಯಾಪಾರಕ್ಕಾಗಿ ಪಡೆದ ಬ್ಯಾಂಕ್ ಸೇವೆಗೂ 2022ರ ತೀರ್ಪೊಂದು ಇಂತಹುದೇ ಮಿತಿಯನ್ನು ಹಾಕಿದೆ. ಆದುದರಿಂದ ಬಸದಿಯ ಆಡಳಿತದವರು ಓಂಬುಡ್ಸ್‌ಮನ್ ದಾರಿಯನ್ನು ಹಿಡಿಯುವುದು ಲೇಸು. ಅದು ಫಲಿಸದಿದ್ದರೆ ಸಿವಿಲ್ ನ್ಯಾಯಾಲಯವಿದೆ. ಅಲ್ಲಿ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಮೌನದಿಂದ ಕಳೆದ ಪ್ರತಿ ತಿಂಗಳೂ ಹಕ್ಕಿನಿಂದ ಕಳೆದ ತಿಂಗಳೇ.

ದೂರಿನ ಭಾಷೆಯೂ ಮುಖ್ಯ. ಬ್ರಿಟನ್ನಿನಲ್ಲಿ ಸಾವಿರಾರು ಜನರು ಸಣ್ಣ ದಾವೆಗಳನ್ನು ಹೂಡಿ ಬ್ಯಾಂಕುಗಳಿಂದ ಶುಲ್ಕವನ್ನು ಮರಳಿ ಪಡೆದರು. ಆದರೆ ವಿಷಯವು ಅಲ್ಲಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 2009ರ ನವೆಂಬರ್ 25ರಂದು, ಆ ಶುಲ್ಕವು ಸೇವೆಯ ಬೆಲೆಯ ಭಾಗವಾದುದರಿಂದ ಅದು ಹೆಚ್ಚೋ ಕಡಿಮೆಯೋ ಎಂದು ಆ ನಿಯಮದಡಿ ಪರಿಶೀಲಿಸಲಾಗದೆಂದು ತೀರ್ಪಾಯಿತು. ಇದರಿಂದ ಕಲಿಯಬೇಕಾದುದಿಷ್ಟೆ: ‘ಶುಲ್ಕ ಬಹಳವಾಯಿತು’ ಎಂಬ ಗೋಳಿಗಿಂತ ‘ಇಂತಹ ದಿನ ಇಂತಹ ನಿಯಮವನ್ನು ಮೀರಿ ಇಷ್ಟು ಕಡಿತವಾಗಿದೆ’ ಎಂಬ ಮಾತು ಬಲವಾದುದು. ನಮ್ಮಲ್ಲಿ 1872ರ ಕರಾರು ಕಾನೂನಿನ 74ನೆಯ ಕಲಮಿನ ಆಸರೆಯೂ ಉಂಟು. ಕರಾರು ಮುರಿದುದಕ್ಕೆ ಪತ್ರದಲ್ಲಿ ಎಷ್ಟೇ ದಂಡ ಬರೆದಿರಲಿ, ಆ ಮೊತ್ತವನ್ನು ಮೀರದ ಯುಕ್ತ ಪರಿಹಾರವಷ್ಟೇ ಸಲ್ಲುತ್ತದೆಂಬುದು ಅದರ ತಿರುಳು.

ಕೊನೆಯದಾಗಿ, ಕಹಿಯಾದರೂ ಹೇಳಲೇಬೇಕಾದ ಮಾತು. ಬ್ಯಾಂಕಿನೆದುರು ನ್ಯಾಯ ಕೇಳುವ ಕೈ ಶುದ್ಧವಾಗಿರಬೇಕು. ನಮ್ಮವರಲ್ಲಿ ಬಡ್ಡಿ ವ್ಯವಹಾರದವರಿದ್ದಾರೆ, ಗಿರವಿ ಅಂಗಡಿಯವರಿದ್ದಾರೆ, ಸಹಕಾರಿ ಪತ್ತಿನ ಸಂಘಗಳ ನಿರ್ದೇಶಕರಿದ್ದಾರೆ. ಕಂತು ಎರಡು ದಿನ ತಡವಾದರೆ ಬಡ್ಡಿಯ ಮೇಲೆ ಬಡ್ಡಿ ಏರಿಸುವ, ಓದಲಾರದವನಿಂದ ಓದಿಸದೆ ಸಹಿ ಹಾಕಿಸಿಕೊಳ್ಳುವ ರೂಢಿ ನಮ್ಮ ಗಲ್ಲೆಯಲ್ಲಿಯೂ ಇದ್ದರೆ, ಬ್ಯಾಂಕನ್ನು ದೂಷಿಸುವ ನೈತಿಕ ಅಧಿಕಾರ ನಮಗೆಲ್ಲಿಯದು? ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಆಚಾರ್ಯರು ತಕ್ಕಡಿ ಯಾರ ಕೈಯಲ್ಲಿದೆಯೆಂದು ಕೇಳಲಿಲ್ಲ.

ಆದುದರಿಂದ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ಮುಂದಿನ ಸಭೆಯಲ್ಲಿ ಕಳೆದ ಮೂರು ವರ್ಷಗಳ ಖಾತೆಯ ವಿವರವನ್ನು ತರಿಸಲಿ. ಪ್ರತಿ ಕಡಿತದ ಎದುರು ಅದರ ಕಾರಣ ಬರೆಯಲಿ. ಕಾರಣ ಸಿಗದುದನ್ನು ಲಿಖಿತವಾಗಿ ಕೇಳಲಿ. ನ್ಯಾಯವಾದ ಶುಲ್ಕವನ್ನು ಗೊಣಗದೆ ತೆರಲಿ. ಅನ್ಯಾಯದ್ದನ್ನು ಕೋಪವಿಲ್ಲದೆ ಮರಳಿ ಕೇಳಲಿ. ಮರಳಿ ಬಂದ ಹಣ ನೂರು ರೂಪಾಯಿಯೇ ಆಗಿರಲಿ, ಅದು ದೇವರ ಪೆಟ್ಟಿಗೆಗೆ ಸೇರಬೇಕಾದ ಹಣ.