ಎರಡು ‘ಗೀತಾ’ ಬೇರೆಯೇ?

ಸಹಕಾರ ಸಂಘಗಳ ಸದಸ್ಯರ ಪಟ್ಟಿಗೆ ತಂತ್ರಾಂಶ ಬರೆಯುವುದು ನನ್ನ ಕೆಲಸ. ‘ಹೆಸರು ತಾಳೆಯಾಗುತ್ತಿಲ್ಲ’ ಎಂಬ ಒಂದು ಸಾಲಿನಿಂದ ಹೆಣ್ಣುಮಕ್ಕಳು ಕಚೇರಿಗೆ ಅಲೆಯುವುದನ್ನು ಕಂಡಿದ್ದೇನೆ. ಹೋಲಿಸುವ ಎರಡೂ ಪಟ್ಟಿಗಳಲ್ಲಿ ‘ಗೀತಾ’ ಎಂದೇ ಇರುತ್ತದೆ, ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಕಂಪ್ಯೂಟರ್ ಅಕ್ಷರ ನೋಡುವುದಿಲ್ಲ, ಅದರ ಹಿಂದಿನ ಸಂಖ್ಯೆ ನೋಡುತ್ತದೆ. ಯುನಿಕೋಡ್‌ನಲ್ಲಿ ‘ಗೀ’ಯ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಮೊದಲನೆಯ ‘ಗೀತಾ’ದಲ್ಲಿ 4 ಸಂಕೇತ, ಎರಡನೆಯದರಲ್ಲಿ 5. ಎರಡೂ ಸಮಾನವೆಂದು ಯುನಿಕೋಡ್ ಮಾನಕವೇ ಹೇಳುತ್ತದೆ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಸಮವಲ್ಲವೇ’ ಎಂದು ನೇರವಾಗಿ ಕೇಳಿದರೆ ‘ಹೌದು, ಸಮವಲ್ಲ’ ಎಂಬ ಉತ್ತರ ಬರುತ್ತದೆ. ಏ, ಐ, ಒ, ಓ ಸ್ವರಚಿಹ್ನೆಗಳಿಗೂ ಇದೇ ಪಾಡು.

ಪರಿಹಾರ ದುಬಾರಿಯಲ್ಲ. ಹೋಲಿಸುವ ಮುನ್ನ ಎರಡನ್ನೂ ಯುನಿಕೋಡ್‌ನ ‘ಎನ್‌ಎಫ್‌ಸಿ’ ಎಂಬ ಏಕರೂಪಕ್ಕೆ ತರಬೇಕು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಅದಕ್ಕೆ ಸಿದ್ಧ ಸೌಲಭ್ಯವಿದೆ. ಕಾಣದೆ ಅಡಗಿರುವ ಜೋಡಕ ಸಂಕೇತಗಳು ಇದರಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿಯೇ ಗಮನಿಸಬೇಕು. ‘ಗೀತ’, ‘ಗೀತಾ’ ಒಬ್ಬರೇ ಹೌದೋ ಅಲ್ಲವೋ ಎಂಬುದನ್ನಂತೂ ಮನುಷ್ಯರೇ ತೀರ್ಮಾನಿಸಬೇಕು.

ತಾಳೆಯಾಗದ ಹೆಸರನ್ನು ತಂತ್ರಾಂಶ ತಾನೇ ತಿರಸ್ಕರಿಸುವುದು ಅನ್ಯಾಯ. ಕನ್ನಡ ಹೆಸರುಗಳನ್ನು ಹೋಲಿಸುವ ಪ್ರತಿ ಸರ್ಕಾರಿ ತಂತ್ರಾಂಶದ ಟೆಂಡರ್‌ನಲ್ಲೂ ಈ ಎರಡು ಬಗೆಯ ‘ಗೀತಾ’ ತಾಳೆಯಾಗುತ್ತವೆಯೇ ಎಂಬ ಪರೀಕ್ಷೆಯನ್ನು ಕಡ್ಡಾಯ ಷರತ್ತಾಗಿ ಸೇರಿಸಿ ಎಂದು ಇ-ಆಡಳಿತ ಇಲಾಖೆಯನ್ನು ಒತ್ತಾಯಿಸುತ್ತೇನೆ.